ಕೊಂಬೆ ಒದ್ದಾಡೋದಿಲ್ಲ: ಹಡ್ಸನ್ ಟೇಲರ್ ಅವರ ಜೀವನ

  ಕೂತ್ಕೊಳ್ಳಿ.

ಇವತ್ತು ನಾನು ಒಬ್ಬ ದೇವಸೇವಕರ ಜೀವನ ಹೇಳ್ತೀನಿ. ಬೈಬಲ್ ತಂದಿರೋರು ಯೋಹಾನ 15ನೇ ಅಧ್ಯಾಯ ತೆರೆದಿಟ್ಟುಕೊಳ್ಳಿ, ದ್ರಾಕ್ಷೇಬಳ್ಳಿಯ ಭಾಗ. ಮೊಬೈಲ್‌ನಲ್ಲಿ ತೆರೆಯೋರು ದಯವಿಟ್ಟು ವಾಟ್ಸಾಪ್ ಕಡೆ ಹೋಗಬೇಡಿ.

ಮೊದಲು ನನ್ನದೊಂದು ಒಪ್ಪಿಕೊಳ್ಳಬೇಕು. ಎರಡು ವರ್ಷದ ಹಿಂದೆ ನನಗೆ ವಾರವೆಲ್ಲಾ ಆಫೀಸ್, ಶುಕ್ರವಾರ ಯೂತ್ ಮೀಟಿಂಗ್, ಶನಿವಾರ ಉಪವಾಸ ಪ್ರಾರ್ಥನೆ, ಭಾನುವಾರ ಎರಡು ಆರಾಧನೆ. ನಿಮ್ಮ ಕಣ್ಣಿಗೆ ನಾನು ಬೆಂಕಿಯ ಹಾಗೆ ಉರೀತಿದ್ದೆ. ಒಳಗೆ ಬರೀ ಬೂದಿ. ಬೈಬಲ್ ತೆರೀತಿದ್ದದ್ದು ಪ್ರಸಂಗ ತಯಾರು ಮಾಡೋಕೆ ಮಾತ್ರ. ಇಲ್ಲಿ ಪ್ರೀತಿಯ ಬಗ್ಗೆ ಬೋಧಿಸಿ, ಮನೆಗೆ ಹೋಗಿ ಊಟ ತಡವಾಯ್ತು ಅಂತ ಹೆಂಡತಿ ಮೇಲೆ ರೇಗಿದ್ದೀನಿ. ಅಂಥ ಒಂದು ರಾತ್ರಿ ಬೈಬಲ್ ಕಾಲೇಜಿನ ಹಳೇ ನೋಟ್ಸ್ ತಿರುವುವಾಗ ಹಡ್ಸನ್ ಟೇಲರ್ ಅವರ ಪುಟ ಸಿಕ್ಕಿತು. ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ್ದ ಪುಟ. ಆ ರಾತ್ರಿ ಅದು ಬೇರೆ ಥರ ಓದಿಸಿಕೊಂಡಿತು.

ಟೇಲರ್ ಹುಟ್ಟಿದ್ದು 1832ರಲ್ಲಿ, ಇಂಗ್ಲೆಂಡಿನ ಬಾರ್ನ್ಸ್‌ಲಿ ಊರಲ್ಲಿ. 17ನೇ ವಯಸ್ಸಿಗೆ ರಕ್ಷಣೆ ಹೊಂದಿದರು, ಸ್ವಲ್ಪ ವೈದ್ಯಕೀಯ ಕಲಿತರು, 1853ರಲ್ಲಿ ಹಡಗು ಹತ್ತಿ ಮರುವರ್ಷ ಮಾರ್ಚ್ 1ಕ್ಕೆ ಶಾಂಘೈ ತಲುಪಿದರು. ವಯಸ್ಸು ಇನ್ನೂ 21. ಚೀನಾದವರ ಹಾಗೆ ಮುಂದಲೆ ಬೋಳಿಸಿ, ಜಡೆ ಬಿಟ್ಟು, ಅವರ ನಿಲುವಂಗಿ ತೊಟ್ಟರು. ಅಲ್ಲಿದ್ದ ಬಿಳಿಯರು ನಕ್ಕರು. ಆಮೇಲೆ ನಿಂಗ್ಬೋದಲ್ಲಿ ಮರಿಯಾ ಡಯರ್ ಅವರನ್ನು ಮದುವೆಯಾದರು.

ಆರೋಗ್ಯ ಕೆಟ್ಟು ಇಂಗ್ಲೆಂಡಿಗೆ ವಾಪಸ್ ಬಂದಿದ್ದಾಗ, 1865ರ ಜೂನ್ 25ರ ಭಾನುವಾರ, ಬ್ರೈಟನ್‌ನಲ್ಲಿ ಆರಾಧನೆ ನಡೀತಿತ್ತು. ಸಭೆ ತುಂಬಿತ್ತು, ಜನ ಸಂತೋಷವಾಗಿ ಹಾಡ್ತಿದ್ದರು. ಚೀನಾದಲ್ಲಿ ಸುವಾರ್ತೆ ಕೇಳದೆ ಸಾಯ್ತಿರೋರನ್ನು ನೆನೆದು ಇವರಿಗೆ ಅಲ್ಲಿ ಕೂರೋಕೆ ಆಗಲಿಲ್ಲ. ಎದ್ದು ಸಮುದ್ರತೀರಕ್ಕೆ ಹೋದರು. ಅಲ್ಲಿ 24 ಮಂದಿ ಸೇವಕರನ್ನು ಕೊಡು ಅಂತ ದೇವರನ್ನು ಕೇಳಿ, ಅದನ್ನು ತಮ್ಮ ಬೈಬಲಿನ ಅಂಚಲ್ಲಿ ಬರೆದಿಟ್ಟರು. ಎರಡು ದಿನದಲ್ಲಿ 10 ಪೌಂಡ್ ಇಟ್ಟು ಚೀನಾ ಇನ್‌ಲ್ಯಾಂಡ್ ಮಿಷನ್ ಹೆಸರಲ್ಲಿ ಬ್ಯಾಂಕ್ ಅಕೌಂಟ್ ತೆರೆದರು. ಮರುವರ್ಷ ಲ್ಯಾಮರ್‌ಮ್ಯೂರ್ ಅನ್ನೋ ಹಡಗಲ್ಲಿ ತಂಡ ಹೊರಟಿತು.

ಸಾಮಾನ್ಯವಾಗಿ ನಾವು ಮಿಷನರಿ ಕಥೆನ ಇಲ್ಲಿಗೆ ನಿಲ್ಲಿಸಿ ಚಪ್ಪಾಳೆ ತಟ್ಟಿಬಿಡ್ತೀವಿ. ನನ್ನನ್ನು ಹಿಡಿದಿದ್ದು ಆಮೇಲಿನದು.

1867ರಲ್ಲಿ ಎಂಟು ವರ್ಷದ ಮಗಳು ಗ್ರೇಸಿ ತೀರಿಕೊಂಡಳು. ಮರುವರ್ಷ ಆಗಸ್ಟಿನಲ್ಲಿ ಯಾಂಗ್‌ಝೌ ಊರಲ್ಲಿ ದೊಂಬಿ ಎದ್ದು ಜನ ಅವರ ಮನೆಗೆ ನುಗ್ಗಿದರು. ಬಸುರಿ ಮರಿಯಾ ಮೇಲಿನ ಮಹಡಿಯಿಂದ ಹಾರಿ ಜೀವ ಉಳಿಸಿಕೊಳ್ಳಬೇಕಾಯ್ತು. ಬ್ರಿಟಿಷ್ ಅಧಿಕಾರಿಗಳು ಯುದ್ಧದ ಹಡಗು ಕಳಿಸಿದ್ದಕ್ಕೆ ಇಂಗ್ಲೆಂಡಿನ ಪತ್ರಿಕೆಗಳು ಮಿಷನರಿಗಳನ್ನೇ ಬೈದವು. ಸಂಸತ್ತಿನ ಮೇಲ್ಮನೆಯಲ್ಲೂ ಟೀಕೆ ಬಂತು. ಈ ಕಡೆ ತಂಡದೊಳಗೇ ಜಗಳ, ಕೈಯಲ್ಲಿ ಮುಗಿಯದ ಕೆಲಸ.

ಈ ಭಾರದಲ್ಲಿ ಟೇಲರ್ ಒಳಗೆ ಒಣಗಿಹೋದರು. ಸಿಡುಕು, ಬೇಗ ಕೋಪ, ದಿನವೂ ಸೋತೆ ಅನ್ನೋ ಭಾವನೆ. ಅವರು ಸುಮ್ಮನೆ ಕೂತಿರಲಿಲ್ಲ, ಇದನ್ನು ಗಮನಿಸಿ. ಉಪವಾಸ ಮಾಡಿದರು. ತೀರ್ಮಾನದ ಮೇಲೆ ತೀರ್ಮಾನ ತಗೊಂಡರು. ವಾಕ್ಯ ಜಾಸ್ತಿ ಓದಿದರು, ಧ್ಯಾನಕ್ಕೆ ಸಮಯ ಹುಡುಕಿದರು. ಏನೂ ಬದಲಾಗಲಿಲ್ಲ. ಕ್ರಿಸ್ತನಲ್ಲಿ ನೆಲೆಗೊಂಡಿದ್ದರೆ ಎಲ್ಲಾ ಸರಿಹೋಗುತ್ತೆ ಅಂತ ಅವರಿಗೆ ಗೊತ್ತಿತ್ತು, ಆದರೆ ಹೇಗೆ ನೆಲೆಗೊಳ್ಳೋದು ಅಂತ ಗೊತ್ತಿರಲಿಲ್ಲ. ಒಂದು ಮಿಷನ್ನಿನ ನಾಯಕರು, 37 ವಯಸ್ಸು, ಹೆಚ್ಚುಕಡಿಮೆ ನನ್ನ ವಯಸ್ಸು!

1869ರ ಸೆಪ್ಟೆಂಬರಿನಲ್ಲಿ ಅವರು ಝೆನ್‌ಜಿಯಾಂಗ್ ಊರಿಗೆ ಬಂದಾಗ ಜತೆಸೇವಕ ಜಾನ್ ಮೆಕಾರ್ಥಿ ಬರೆದ ಕಾಗದ ಕಾಯ್ತಿತ್ತು. ಮೆಕಾರ್ಥಿಯವರೂ ಇದೇ ಹೋರಾಟದಲ್ಲಿದ್ದವರು. ನಂಬಿಕೆ ಹೆಚ್ಚಿಸಿಕೊಳ್ಳೋಕೆ ಒದ್ದಾಡಿದರೆ ನಂಬಿಕೆ ಹೆಚ್ಚೋದಿಲ್ಲ, ನಂಬಿಗಸ್ತನಾದವನ ಮೇಲೆ ಒರಗಿಕೊಂಡರೆ ಹೆಚ್ಚುತ್ತೆ ಅನ್ನೋದು ಕಾಗದದ ಸಾರ. ಓದುತ್ತಾ ಟೇಲರ್‌ಗೆ ಬಳ್ಳಿಯ ಮಾತು ತೆರೆದುಕೊಂಡಿತು. ಅಲ್ಲಿವರೆಗೆ ಅವರು, ಬೇರಲ್ಲಿ ರಸ ಇದೆ, ನಾನು ಹೇಗಾದರೂ ಎಳೆದುಕೊಳ್ಳಬೇಕು ಅಂದುಕೊಂಡಿದ್ದರು. ಈಗ ಕಂಡಿತು: ಯೇಸು ಬೇರು ಮಾತ್ರ ಅಲ್ಲ, ಬೇರು, ಕಾಂಡ, ಕೊಂಬೆ, ಎಲೆ, ಹಣ್ಣು ಎಲ್ಲಾ ಸೇರಿದ ಇಡೀ ಬಳ್ಳಿ. ಕೊಂಬೆ ಆಗಲೇ ಅದರೊಳಗಿದೆ. ಮುಂದಿನ ತಿಂಗಳು ತಂಗಿ ಅಮೇಲಿಯಾಗೆ ಇದನ್ನೆಲ್ಲಾ ಬಿಚ್ಚಿ ಬರೆದರು, ತಮ್ಮ ಸೋಲನ್ನೂ ಸೇರಿಸಿ.

ಕೆಲಸ ಕಡಿಮೆ ಆಗಲಿಲ್ಲ. ಕಷ್ಟ ಜಾಸ್ತೀನೇ ಆಯ್ತು. 1870ರ ಫೆಬ್ರವರಿಯಲ್ಲಿ ಐದು ವರ್ಷದ ಸ್ಯಾಮುಯೆಲ್ ಹೋದ. ಮಾರ್ಚಿನಲ್ಲಿ ಮೂವರು ದೊಡ್ಡ ಮಕ್ಕಳನ್ನು ಇಂಗ್ಲೆಂಡಿಗೆ ಕಳಿಸಬೇಕಾಯ್ತು. ಜುಲೈನಲ್ಲಿ ಹುಟ್ಟಿದ ಕೂಸು ನೋಯಲ್ ಎರಡು ವಾರವೂ ಬದುಕಲಿಲ್ಲ. ಅದಾಗಿ ಮೂರೇ ದಿನಕ್ಕೆ, ಜುಲೈ 23ರಂದು, ಮರಿಯಾ. 33 ವರ್ಷ. ಆ ಕಾಗದ ಒಂದು ವರ್ಷ ತಡವಾಗಿ ಬಂದಿದ್ದರೆ ಏನಾಗ್ತಿತ್ತು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೀನಿ. ಟೇಲರ್ ಅತ್ತರು, ತುಂಬಾ ಒಂಟಿಯಾದರು, ಅದನ್ನು ಮುಚ್ಚಿಡಲಿಲ್ಲ. ಆದರೆ ಒಣಗಲಿಲ್ಲ.

ಹಾಗಂತ ಪ್ರಾರ್ಥನೆ ಬಿಟ್ಟರು ಅಂದುಕೊಳ್ಳಬೇಡಿ. ವಯಸ್ಸಾದ ಮೇಲೂ, ಚೀನಾದ ಉತ್ತರದಲ್ಲಿ ಗಾಡಿಯಲ್ಲಿ ತಿಂಗಳುಗಟ್ಟಲೆ ಪ್ರಯಾಣ ಮಾಡುವಾಗ, ಛತ್ರದಲ್ಲಿ ಎಲ್ಲರಿಗೂ ಒಂದೇ ಕೋಣೆ. ಮೂಲೆಗೆ ಪರದೆ ಕಟ್ಟಿಕೊಂಡು ಮಲಗ್ತಿದ್ದರು. ಜತೆಗಿದ್ದ ಮಗ, ಸೊಸೆಗೆ ನಡುರಾತ್ರಿ ಕಳೆದ ಮೇಲೆ ಕಡ್ಡಿ ಗೀರೋ ಸದ್ದು ಕೇಳ್ತಿತ್ತಂತೆ, ಮೇಣದಬತ್ತಿಯ ಬೆಳಕು ಕಾಣ್ತಿತ್ತಂತೆ. ಎರಡರಿಂದ ನಾಲ್ಕು ಗಂಟೆ, ಅದು ಅವರ ಹೊತ್ತು. ಯಾರೂ ಎಬ್ಬಿಸದ ಹೊತ್ತು. ಮೊದಲು ಬಳ್ಳಿಗೆ ಸೇರಿಕೊಳ್ಳೋಕೆ ಏಳ್ತಿದ್ದರು, ಈಗ ಸೇರಿದ್ದೀನಿ ಅಂತ ಗೊತ್ತಾಗಿ ಏಳ್ತಿದ್ದರು. ನನಗೆ ಈ ವ್ಯತ್ಯಾಸ ಅರ್ಥ ಆಗೋಕೆ ತಿಂಗಳುಗಳೇ ಬೇಕಾದವು.

ಅಂದಹಾಗೆ, ಟೇಲರ್ ನಮ್ಮ ಪೆಂತೆಕೋಸ್ತ್ ಸಭೆಯವರಲ್ಲ. ಅಜೂಸಾ ಬೀದಿಯ ಉಜ್ಜೀವನ 1906ರಲ್ಲಿ ಶುರುವಾಯ್ತು, ಅವರು ಒಂದು ವರ್ಷ ಮುಂಚೆಯೇ ಕರ್ತನ ಬಳಿಗೆ ಹೋದರು. ಆದರೂ ಅವರಿಂದ ಕಲಿಯೋಕೆ ನನಗೆ ನಾಚಿಕೆ ಇಲ್ಲ.

1900ರಲ್ಲಿ ಬಾಕ್ಸರ್ ದಂಗೆ ಎದ್ದಿತು. ಅವರ ಮಿಷನ್ನಿನ 58 ಸೇವಕರು, 21 ಮಕ್ಕಳು ಕೊಲ್ಲಲ್ಪಟ್ಟರು. ಟೇಲರ್ ಸ್ವಿಟ್ಜರ್ಲೆಂಡಿನಲ್ಲಿ ಕಾಯಿಲೆ ಬಿದ್ದಿದ್ದರು, ತಂತಿ ಮೇಲೆ ತಂತಿ ಬರ್ತಿತ್ತು. ತನಗೆ ಯೋಚಿಸೋಕೆ ಆಗ್ತಿಲ್ಲ, ಪ್ರಾರ್ಥಿಸೋಕೂ ಆಗ್ತಿಲ್ಲ, ಭರವಸೆ ಇಡೋಕೆ ಮಾತ್ರ ಆಗ್ತಿದೆ ಅಂತ ಆಗ ಅವರು ಒಪ್ಪಿಕೊಂಡರು. ದಿನಾ ಎರಡು ಗಂಟೆಗೆ ಎದ್ದು ಪ್ರಾರ್ಥಿಸಿದ ಮನುಷ್ಯ! ಆಮೇಲೆ ಅವರ ಮಿಷನ್, ಕಳೆದುಕೊಂಡ ಜೀವಗಳಿಗೆ ಚೀನಾದಿಂದ ಪರಿಹಾರ ಬೇಡ ಅಂದಿತು.

1905ರಲ್ಲಿ ಕೊನೆಯ ಸಲ ಚೀನಾಕ್ಕೆ ಹೋಗಿ, ಜೂನ್ 3ರಂದು ಚಾಂಗ್ಶಾದಲ್ಲಿ ತೀರಿಕೊಂಡರು. ಝೆನ್‌ಜಿಯಾಂಗ್‌ಗೆ ತಂದು ಮರಿಯಾ ಪಕ್ಕದಲ್ಲಿ ಮಣ್ಣು ಮಾಡಿದರು. ಆ ಕಾಗದ ಕಾಯ್ತಿದ್ದ ಊರು.

ಕೀಬೋರ್ಡ್ ಬ್ರದರ್, ಮುಂದೆ ಬನ್ನಿ, ಮೆಲ್ಲಗೆ ನುಡಿಸಿ. ಸೇವೆ ಮಾಡಿ ಮಾಡಿ ಒಳಗೆ ಒಣಗಿರೋರು, ವರ್ಷಿಪ್ ಟೀಮಿನವರು, ಸಂಡೇ ಸ್ಕೂಲ್ ಟೀಚರ್‌ಗಳು, ಕೂತಲ್ಲೇ ಕಣ್ಣು ಮುಚ್ಚಿ. ಈಗ ಯಾರೂ ಗಟ್ಟಿಯಾಗಿ ಪ್ರಾರ್ಥಿಸಬೇಡಿ. ಐದು ನಿಮಿಷ ಸುಮ್ಮನಿರೋಣ.