ಮೂಳೆಯೊಳಗೆ ಮೊಳೆ ಹೂಡಿದ ವೈದ್ಯ

ನೆಲಮಂಗಲದಲ್ಲಿ ತುಮಕೂರಿನ ದಾರಿಯೂ ಹಾಸನದ ದಾರಿಯೂ ಕವಲೊಡೆಯುತ್ತವೆ. ಹೊಸಕೋಟೆಯನ್ನು ಹಾದು ಕೋಲಾರದ ಹೆದ್ದಾರಿ, ದೇವನಹಳ್ಳಿಯನ್ನು ಹಾದು ಹೈದರಾಬಾದಿನದು. ಈ ರಸ್ತೆಗಳಲ್ಲಿ ಬೈಕಿನಿಂದ ಬಿದ್ದವರ ಕಾಲು ಅನೇಕ ವೇಳೆ ಮುರಿಯುವುದು ಮೊಳಕಾಲಿನ ಕೆಳಗೆ. ಅಲ್ಲಿನ ದೊಡ್ಡ ಮೂಳೆ ಟಿಬಿಯಾಕ್ಕೆ ಮುಂಭಾಗದಲ್ಲಿ ಚರ್ಮವಲ್ಲದೆ ಬೇರೆ ಹೊದಿಕೆಯಿಲ್ಲ. ಮುರಿದ ತುದಿ ಚರ್ಮ ಸೀಳಿ ಹೊರಬರುವುದೂ ಉಂಟು. ಆಗ ಮನೆಯವರಲ್ಲಿ ಚರ್ಚೆ ಏಳುತ್ತದೆ: ದಬ್ಬೆ ಇಟ್ಟು ಪುತ್ತೂರು ಕಟ್ಟು ಕಟ್ಟಿಸುವುದೋ, ಆಪರೇಷನ್ ಮಾಡಿಸಿ ರಾಡ್ ಹಾಕಿಸುವುದೋ? ದುಡಿಯುವ ಮನುಷ್ಯ ತಿಂಗಳುಗಟ್ಟಲೆ ಮಲಗಿದರೆ ಮನೆ ನಡೆಯುವುದು ಹೇಗೆಂಬ ಪ್ರಶ್ನೆ ಒಂದು ಕಡೆ, ಮೂಳೆಯೊಳಗೆ ಲೋಹ ತೂರಿಸುವ ಭಯ ಇನ್ನೊಂದು ಕಡೆ.

ಈ ಭಯ ಒಂದು ಕಾಲಕ್ಕೆ ಶಸ್ತ್ರವೈದ್ಯರದೇ ಆಗಿತ್ತು. ಅದನ್ನು ಎದುರಿಸಿದವನು ಗೆರ್ಹಾರ್ಡ್ ಕುಂಟ್ಷರ್. ಕನ್ನಡದ ಕಿವಿಗೆ ಆ ಹೆಸರು ವ್ಯಂಗ್ಯವಾಗಿ ಕೇಳಿಸಿದರೂ, ಅಸಂಖ್ಯ ಜನರ ಕುಂಟುವಿಕೆಯನ್ನು ತಪ್ಪಿಸಿದವನು ಆತ.

1900ರ ಡಿಸೆಂಬರಿನಲ್ಲಿ ಜರ್ಮನಿಯ ಜ್ವಿಕೌ ಪಟ್ಟಣದಲ್ಲಿ ಹುಟ್ಟಿದ ಕುಂಟ್ಷರ್ ವೈದ್ಯಶಿಕ್ಷಣ ಮುಗಿಸಿ ಕೀಲ್ ವಿಶ್ವವಿದ್ಯಾಲಯದ ಶಸ್ತ್ರಚಿಕಿತ್ಸಾ ವಿಭಾಗವನ್ನು ಸೇರಿದ. ಮೂಳೆಯ ಮೇಲೆ ಅರಗಿನಂಥ ಲೇಪ ಬಳಿದು, ಭಾರ ಹೇರಿದಾಗ ಅದು ಬಿರುಕು ಬಿಡುವ ಗೆರೆಗಳಿಂದ ಒತ್ತಡದ ಹಾದಿಯನ್ನು ಅರಿಯಲು ಯತ್ನಿಸಿದ. ಇಂಜಿನಿಯರನ ಕುತೂಹಲವಿದ್ದ ವೈದ್ಯನಾತ. ತೊಡೆಯ ಮೂಳೆಯ ಕೊರಳು ಮುರಿದಾಗ ಮೊಳೆ ಹೊಡೆಯುವ ಪದ್ಧತಿ ಆಗಲೇ ಬಂದಿತ್ತು. ಉದ್ದನೆಯ ಮೂಳೆಗಳ ಟೊಳ್ಳಿನ ಉದ್ದಕ್ಕೂ ಮೊಳೆಯೊಂದನ್ನು ಇಳಿಸಿದರೆ ಹೇಗೆ ಎಂದು ಆತ ಯೋಚಿಸಿದ. ನಾಯಿಗಳ ಮೇಲೆ ಪ್ರಯೋಗ ನಡೆಯಿತು; ಉಪಕರಣಗಳ ತಯಾರಿಕೆಯಲ್ಲಿ ಎರ್ನ್ಸ್ಟ್ ಪೋಲ್ ನೆರವಾದ. 1939ರ ನವೆಂಬರಿನಲ್ಲಿ ಹಡಗುಕಟ್ಟೆಯ ಕೂಲಿಕಾರನೊಬ್ಬನ ಮುರಿದ ತೊಡೆಮೂಳೆಗೆ ತುಕ್ಕು ಹಿಡಿಯದ ಉಕ್ಕಿನ ಮೊಳೆ ಇಳಿಯಿತು.

ಆತನ ಜಾಣತನವಿದ್ದುದು ಎರಡು ಸಂಗತಿಗಳಲ್ಲಿ. ಮೊಳೆಯನ್ನು ಮುರಿದ ಜಾಗದಲ್ಲಿ ಕೊಯ್ದು ತೂರಿಸದೆ, ದೂರದ ತುದಿಯಿಂದ ಇಳಿಸಿದ. ಹೀಗಾಗಿ ಮುರಿತದ ಸುತ್ತಲ ರಕ್ತ ಸಂಚಾರ ಕೆಡಲಿಲ್ಲ. ಮುಂದೆ ಅಡ್ಡ ಸೀಳಿಕೆಯಲ್ಲಿ ಮೂರೆಲೆಯ ಆಕಾರಕ್ಕೆ ತಂದ ಮೊಳೆ, ಒಳಹೋಗುವಾಗ ತುಸು ಕುಗ್ಗಿ ಬಳಿಕ ಹಿಗ್ಗಿ ಮೂಳೆಯ ಗೋಡೆಯನ್ನು ಕಚ್ಚಿಕೊಳ್ಳುತ್ತಿತ್ತು. ಗಾರೆಕಟ್ಟಿನಲ್ಲಿ ವಾರಗಟ್ಟಲೆ ಮಲಗಬೇಕಿದ್ದವನು ಬೇಗ ಎದ್ದು ನಿಲ್ಲಬಹುದಾಯಿತು.

1940ರ ಮಾರ್ಚಿನಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯರ ಸಮ್ಮೇಳನದಲ್ಲಿ ಇದನ್ನು ಮಂಡಿಸಿದಾಗ ಹಿರಿಯರು ಹುಬ್ಬೇರಿಸಿದರು. ಮಜ್ಜೆ ನಾಶವಾದೀತು, ಕೊಬ್ಬಿನ ಕಣಗಳು ಶ್ವಾಸಕೋಶಕ್ಕೆ ನುಗ್ಗಿಯಾವು, ಕೀವು ತುಂಬೀತು ಎಂಬ ಆಕ್ಷೇಪಗಳು ಬಂದವು. ಎಲ್ಲವೂ ಬರಿಯ ಅಸೂಯೆಯಾಗಿರಲಿಲ್ಲ; ಕೊಬ್ಬಿನ ಕಣಗಳ ಅಪಾಯವನ್ನು ಇಂದಿಗೂ ವೈದ್ಯರು ಎಣಿಸುತ್ತಾರೆ. ಅಷ್ಟರಲ್ಲಿ ಯುದ್ಧ. ಹಿಟ್ಲರನ ಸೇನೆಯ ವೈದ್ಯನಾಗಿ ಉತ್ತರ ಫಿನ್ಲೆಂಡಿಗೆ ಹೋದ ಕುಂಟ್ಷರ್ ಅಲ್ಲಿನ ವೈದ್ಯರಿಗೂ ಈ ವಿದ್ಯೆಯನ್ನು ಕಲಿಸಿದ. ಗಾಯಗೊಂಡವರು ಬೇಗ ಚೇತರಿಸಿಕೊಳ್ಳುವುದು ಆ ಸೇನೆಗೂ ಬೇಕಾಗಿತ್ತು ಎಂಬುದು ಈ ಕಥೆಯ ಇರುಸುಮುರುಸಿನ ಭಾಗ. ಅತ್ತ ಜರ್ಮನ್ ಸೆರೆಯಿಂದ ಮರಳಿದ ಅಮೆರಿಕನ್ ಯೋಧರ ತೊಡೆಯ ಎಕ್ಸ್‌-ರೇಗಳಲ್ಲಿ ಉದ್ದನೆಯ ಲೋಹದ ದಂಡ ಕಂಡು ಅಲ್ಲಿನ ವೈದ್ಯರು ಬೆರಗಾದರು. ವಿದ್ಯೆ ಗಡಿ ದಾಟಿದ್ದು ಹೀಗೆ, ಶತ್ರುವಿನ ಕಾಲೊಳಗೆ ಕುಳಿತು.

ಯುದ್ಧಾನಂತರ ಆತ ಶ್ಲೆಸ್ವಿಗ್‌ನಲ್ಲಿ, 1957ರಿಂದ 1965ರವರೆಗೆ ಹ್ಯಾಂಬರ್ಗ್ ಬಂದರಿನ ಆಸ್ಪತ್ರೆಯಲ್ಲಿ ಮುಖ್ಯಸ್ಥನಾಗಿದ್ದ. ವಿಶ್ವವಿದ್ಯಾಲಯದ ಪೀಠ ಮಾತ್ರ ಒಲಿಯಲಿಲ್ಲ. ಟೊಳ್ಳನ್ನು ಕೊರೆದು ಅಗಲಿಸಿ ದಪ್ಪ ಮೊಳೆ ಕೂರಿಸುವ ಕ್ರಮವನ್ನು ಆತನೇ ಬೆಳೆಸಿದ. ಟಿಬಿಯಾಕ್ಕೆ ಮಾತ್ರ ನೇರ ಮೊಳೆ ಒಗ್ಗುವಂತಿರಲಿಲ್ಲ; ಮಂಡಿಚಿಪ್ಪಿನ ಕೆಳಗಿಂದ ಓರೆಯಾಗಿ ಇಳಿಯಬೇಕಷ್ಟೆ. 1950ರ ಸುಮಾರಿಗೆ ಹೆರ್ಜೋಗ್ ಎಂಬ ವೈದ್ಯ ಮೊಳೆಯ ಮೇಲ್ತುದಿಯನ್ನು ಬಾಗಿಸಿ ಅದಕ್ಕೆ ದಾರಿ ಮಾಡಿದ.

ಮದುವೆಯಾಗದೆ ಉಳಿದ ಕುಂಟ್ಷರ್ 1972ರ ಡಿಸೆಂಬರಿನಲ್ಲಿ, ಮೊಳೆ ಚಿಕಿತ್ಸೆಯ ಕುರಿತ ತನ್ನ ಗ್ರಂಥವನ್ನು ತಿದ್ದುತ್ತಾ ಮೇಜಿನ ಮುಂದೆಯೇ ಕೊನೆಯುಸಿರೆಳೆದ. ಅದೇ ವರ್ಷ ಕ್ಲೆಮ್ ಮತ್ತು ಶೆಲ್ಮನ್ ಎಂಬ ವೈದ್ಯರು ಮೊಳೆಯ ಎರಡೂ ತುದಿಗಳಿಗೆ ಅಡ್ಡಲಾಗಿ ತಿರುಪು ಹಾಕಿ ಬಿಗಿಯುವ ವಿಧಾನವನ್ನು ಪ್ರಕಟಿಸಿದರು. ಆತನೇ ಕೊನೆಗಾಲದಲ್ಲಿ ಹಿಡಿದಿದ್ದ ಎಳೆ ಅದು. ಚೂರುಚೂರಾದ ಮೂಳೆ ಕುಸಿಯದಂತೆ, ತಿರುಚದಂತೆ ನಿಲ್ಲುವುದು ಆ ತಿರುಪುಗಳಿಂದ. ದೊಡ್ಡಬಳ್ಳಾಪುರದ ಮಗ್ಗದ ಕೆಲಸಗಾರನೋ ಹೊಸಕೋಟೆಯ ಲಾರಿ ಚಾಲಕನೋ ತನ್ನ ಎಕ್ಸ್‌-ರೇಯನ್ನು ಬೆಳಕಿಗೆ ಹಿಡಿದಾಗ ಉದ್ದನೆಯ ರಾಡಿನ ಮೇಲೂ ಕೆಳಗೂ ಅಡ್ಡಲಾಗಿ ಕಾಣುವ ಬಿಳಿಯ ಗೆರೆಗಳು ಅವೇ.