ಹುಣಿಸೆಹಣ್ಣು ತಿಕ್ಕಿದ ಪೈಸೆ

ಊರಿಗೆ ಹೋದಾಗ ಅಜ್ಜಿಯ ಎಲೆಯಡಿಕೆ ಡಬ್ಬಿಯಲ್ಲಿ ಒಂದು ಕಂದುಬಣ್ಣದ ತಾಮ್ರದ ಪೈಸೆ ಸಿಕ್ಕಿತು. ಒಂದು ಮೈಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹೃದಯಾಕಾರದ ಮುದ್ರೆ, ಕೆಳಗೆ 1794. ಇನ್ನೊಂದು ಮೈಯಲ್ಲಿ ತಕ್ಕಡಿ. ಅದರ ತಟ್ಟೆಗಳ ನಡುವೆ ಅರಬ್ಬಿ ಅಕ್ಷರದಲ್ಲಿ ‘ಅದಲ್’, ಅಂದರೆ ನ್ಯಾಯ. ಮುಂಬಯಿಗೆ ತಂದು ನಾನು ಮಾಡಿದ ಘನಕಾರ್ಯ ಏನು ಗೊತ್ತೆ? ಹುಣಿಸೆಹಣ್ಣು, ಬೂದಿ ಹಾಕಿ, ದೇವರ ದೀಪ ಬೆಳಗಿದ ಹಾಗೆ ಗಸಗಸ ತಿಕ್ಕಿಬಿಟ್ಟೆ. ಪೈಸೆ ಫಳಫಳ ಹೊಳೆಯಿತು. ನಮ್ಮ ಚಾಳಿನ ಮೇಲ್ಮಹಡಿಯಲ್ಲಿ ನಾಣ್ಯ ಕೂಡಿಡುವ ಮಾಸ್ತರರೊಬ್ಬರಿದ್ದಾರೆ. ಓಡಿಹೋಗಿ ತೋರಿಸಿದರೆ ಅವರ ಮುಖ ಸಪ್ಪಗಾಯಿತು. ಇನ್ನೂರು ವರ್ಷದ ಮೈಬಣ್ಣವನ್ನು ಐದು ನಿಮಿಷದಲ್ಲಿ ತೊಳೆದು ಹಾಕಿದ್ದೆ.

ಆ ನಾಚಿಕೆಯಿಂದಲೇ ಈ ಪೈಸೆ ಮಾಡಿದವನ ಬಗ್ಗೆ ಓದಲು ಕೂತೆ. ಇದು ಮುಂಬಯಿಗಾಗಿ ಮಾಡಿದ ಪೈಸೆ, ಆದರೆ ಮುಂಬಯಿಯಲ್ಲಿ ಮಾಡಿದ್ದಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಮ್ಯಾಥ್ಯೂ ಬೋಲ್ಟನ್ ಒತ್ತಿ ಹಡಗಿಗೆ ಹಾಕಿದ್ದು. ಜೇಮ್ಸ್ ವಾಟ್‌ನ ಉಗಿಯಂತ್ರಕ್ಕೆ ಹಣ ಹಾಕಿದ ಪಾಲುದಾರ ಅಂತ ನಾವು ಶಾಲೆಯಲ್ಲಿ ಓದಿದ್ದೆವಲ್ಲ, ಅವನೇ.

ಬೋಲ್ಟನ್ ಹುಟ್ಟಿದ್ದು 1728ರಲ್ಲಿ. ಅಪ್ಪನದು ಗುಂಡಿ, ಬಕಲು ಮಾಡುವ ಕಸುಬು. ಮಗ ಅದನ್ನು ಬೆಳೆಸಿ 1760ರ ದಶಕದಲ್ಲಿ ಊರಾಚೆ ಸೋಹೊ ಎಂಬಲ್ಲಿ ದೊಡ್ಡ ಕಾರ್ಖಾನೆ ಕಟ್ಟಿದ. ಬೆಳ್ಳಿ ಸಾಮಾನಿನ ಶುದ್ಧತೆ ಪರೀಕ್ಷೆ ಮಾಡಿಸಲು ಚೆಸ್ಟರಿನವರೆಗೆ ಕಳಿಸಬೇಕಿತ್ತು. ಇವನು ಪಾರ್ಲಿಮೆಂಟಿನ ಬೆನ್ನು ಹತ್ತಿ, 1773ರಲ್ಲಿ ಬರ್ಮಿಂಗ್‌ಹ್ಯಾಮಿಗೇ ಪರೀಕ್ಷಾ ಕಚೇರಿ ತಂದ. ವಾಟ್‌ನ ಜತೆ ಪಾಲುಗಾರಿಕೆ 1775ರಲ್ಲಿ.

ಆಗ ಅವನ ಊರು ಖೋಟಾ ತಾಮ್ರದ ನಾಣ್ಯಕ್ಕೆ ಹೆಸರುವಾಸಿ. ಕೆಲವು ಮಾಲೀಕರು ಖೋಟಾ ನಾಣ್ಯವನ್ನು ಅರ್ಧ ಬೆಲೆಗೆ ಕೊಂಡು, ಆಳುಗಳಿಗೆ ಪೂರ್ತಿ ಬೆಲೆಯ ಸಂಬಳವಾಗಿ ಎಣಿಸಿ ಕೊಡುತ್ತಿದ್ದರು. ಏಟು ಬೀಳುತ್ತಿದ್ದುದು ಬಡವನ ಹೊಟ್ಟೆಗೆ. ಬೋಲ್ಟನ್ನಿಗೆ ಇದು ಸಹಿಸಲಿಲ್ಲ. ಲಾಭದ ಲೆಕ್ಕವೂ ತಲೆಯಲ್ಲಿತ್ತು ಅನ್ನಿ, ಅವನೇನು ಸಂನ್ಯಾಸಿಯಲ್ಲ. ಯಾರೂ ನಕಲು ಮಾಡಲಾಗದಷ್ಟು ಅಚ್ಚುಕಟ್ಟಾದ ನಾಣ್ಯ ಮಾಡಿದರೆ ಖೋಟಾ ತಾನೇ ಸಾಯುತ್ತದೆಂದು ನಂಬಿ 1788ರಲ್ಲಿ ಉಗಿಯಿಂದ ನಡೆಯುವ ಟಂಕಸಾಲೆ ಕಟ್ಟಿದ. ಬಿಲ್ಲೆಯ ಸುತ್ತ ಉಕ್ಕಿನ ಬಳೆ ಇಟ್ಟು ಒತ್ತಿದ್ದರಿಂದ ಪ್ರತಿ ನಾಣ್ಯವೂ ಒಂದೇ ಅಳತೆ, ಒಂದೇ ದುಂಡು.

ಆದರೆ ಸ್ವಂತ ಸರ್ಕಾರ ಅವನನ್ನು ಒಂಬತ್ತು ವರ್ಷ ಕಾಯಿಸಿತು. ಆ ಅವಧಿಯಲ್ಲಿ ಟಂಕಸಾಲೆಗೆ ಕೆಲಸ ಕೊಟ್ಟವರಲ್ಲಿ ನಮ್ಮ ಕಂಪನಿ ಸರ್ಕಾರವೂ ಒಂದು. 1791 ಮತ್ತು 1794ರ ಮುಂಬಯಿ ಪೈಸೆಗಳು ಆಗಿನವು. ಕೊನೆಗೆ 1797ರಲ್ಲಿ ಬ್ರಿಟನ್ನಿನ ಆರ್ಡರು ಬಂತು. ಪೆನ್ನಿ ಒಂದಕ್ಕೆ ಸರಿಯಾಗಿ ಒಂದು ಔನ್ಸ್ ತಾಮ್ರ, ಎರಡು ಪೆನ್ನಿಗೆ ಎರಡು ಔನ್ಸ್. 1804ರಲ್ಲಿ ಸ್ಪೇನಿನ ಬೆಳ್ಳಿ ಡಾಲರುಗಳ ಮೇಲೆ ಬ್ಯಾಂಕ್ ಆಫ್ ಇಂಗ್ಲೆಂಡಿನ ಅಚ್ಚನ್ನು ಹೊಸದಾಗಿ ಒತ್ತಿಕೊಟ್ಟ.

ಚಲಾವಣೆಯ ನಾಣ್ಯದ ಜತೆಗೆ ಸೋಹೊದಲ್ಲಿ ‘ಪ್ರೂಫ್’ಗಳೂ ತಯಾರಾಗುತ್ತಿದ್ದವು. ಹೊಳಪು ಕೊಟ್ಟ ಅಚ್ಚು, ಆಯ್ದ ಬಿಲ್ಲೆ, ನಿಧಾನದ ಒತ್ತು. ಕೆಲವು ಬೆಳ್ಳಿಯವು, ಕೆಲವು ಚಿನ್ನದ ಲೇಪದವು, ಹೆಚ್ಚಿನವು ಕಂಚಿನ ಬಣ್ಣ ಕೊಟ್ಟ ತಾಮ್ರದವು. ಸಂಗ್ರಹಕಾರರು ಇಂದಿಗೂ ಇವಕ್ಕೆ ಪ್ರಾಣ ಬಿಡುತ್ತಾರೆ.

ಮಾಸ್ತರರು ಒಂದು ಸಂಜೆ 1806ರ ಎರಡು ಪ್ರೂಫ್ ಪೆನ್ನಿಗಳನ್ನು ನನ್ನ ಮುಂದಿಟ್ಟು, ಬೋಲ್ಟನ್ನನ ಕಾಲದ್ದು ಯಾವುದೆಂದು ಕೇಳಿದರು. ಹೆಚ್ಚು ಹೊಳೆಯುವುದನ್ನು ತೋರಿಸಿದೆ. ತಪ್ಪು! ಬೋಲ್ಟನ್ 1809ರ ಆಗಸ್ಟಿನಲ್ಲಿ ತೀರಿಕೊಂಡ. 1850ರಲ್ಲಿ ಸೋಹೊ ಟಂಕಸಾಲೆ ಹರಾಜಾದಾಗ ಹಳೆಯ ಅಚ್ಚುಗಳು ಲಂಡನ್ನಿನ ಡಬ್ಲ್ಯು. ಜೆ. ಟೇಲರ್ ಎಂಬವನ ಕೈ ಸೇರಿದವು. ಅವನು ಅವುಗಳಿಂದಲೇ ಸಂಗ್ರಹಕಾರರಿಗಾಗಿ ಹೊಸ ಪ್ರೂಫ್ ಒತ್ತಿದ. ಭೂತಗನ್ನಡಿ ಹಿಡಿದು ನೋಡಿದೆ. ಅಚ್ಚಿಗೆ ತುಕ್ಕು ಹಿಡಿದು ಕುಳಿಬಿದ್ದ ಕಡೆಯಲ್ಲೆಲ್ಲ ನಾಣ್ಯದ ಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆ ಎದ್ದಿದ್ದವು. ನಕಲನ್ನು ಕೊಲ್ಲಲು ಹೊರಟವನ ಅಚ್ಚುಗಳೇ ಅವನ ಬೆನ್ನ ಹಿಂದೆ ಹೀಗೆ ದುಡಿದವು.

ಇಂದು ನಾಣ್ಯಗಳಿಗೆ ಎಪ್ಪತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚುತ್ತಾರೆ. ಆ ಅಳತೆಯನ್ನು 1949ರಲ್ಲಿ ಹೂಡಿದವನು ಅಮೆರಿಕದ ವಿಲಿಯಂ ಶೆಲ್ಡನ್. ಉಜ್ಜಿ ತೊಳೆದ ನಾಣ್ಯಕ್ಕೆ ಸಾಮಾನ್ಯವಾಗಿ ಅಂಕವೇ ಇಲ್ಲ, ತೊಳೆದದ್ದು ಎಂಬ ಷರಾ ಅಷ್ಟೆ. ನನ್ನ ಪೈಸೆ ಪ್ರೂಫಂತೂ ಅಲ್ಲ. ಈಗ ಪರೀಕ್ಷೆಯಲ್ಲೂ ನಪಾಸು.

ಆದರೂ ಅದನ್ನು ಮಾರಲಾರೆ. ಯಾವ ಕೂಲಿಯವನ ಕೈಯಿಂದ ಯಾವ ಅಂಗಡಿಗೆ, ಅಲ್ಲಿಂದ ಅಜ್ಜಿಯ ಡಬ್ಬಿಗೆ ಬಂತೋ! ಎಲ್ಲ ಕಡೆ ಒಂದೇ ತೂಕಕ್ಕೆ ನಡೆಯಲಿ ಅಂತಲೇ ಅವನು ಅದನ್ನು ಒತ್ತಿದ್ದು. ಗೆಳೆಯರೆ, ನಿಮಗೂ ಇಂಥದ್ದು ಸಿಕ್ಕರೆ ಅಂಚು ಹಿಡಿದು ನೋಡಿ, ಹುಣಿಸೆಹಣ್ಣನ್ನು ಸಾರಿಗೇ ಬಿಡಿ. ನನ್ನದನ್ನು ಕಾಗದದ ಲಕೋಟೆಯಲ್ಲಿಟ್ಟಿದ್ದೇನೆ. ಮೊನ್ನೆ ತೆಗೆದು ನೋಡಿದೆ. ತಕ್ಕಡಿಯ ಸುತ್ತ ತೆಳ್ಳಗೆ ಕಂದು ಬಣ್ಣ ಮತ್ತೆ ಏರುತ್ತಿದೆ.