ಬೋಲ್ಟ್ಸ್‌ಮನ್ ಸಾವಿಗೆ ಪರಮಾಣುವನ್ನು ನಂಬದವರೇ ಕಾರಣವೇ?

ಪರಮಾಣುಗಳಿವೆ ಎಂದಿದ್ದಕ್ಕೆ ಜಗತ್ತೆಲ್ಲ ನಕ್ಕಿತು, ಅವಮಾನ ತಾಳಲಾರದೆ ವಿಜ್ಞಾನಿ ಆತ್ಮಹತ್ಯೆ ಮಾಡಿಕೊಂಡರು, ಎರಡೇ ವರ್ಷದಲ್ಲಿ ಅವರು ಹೇಳಿದ್ದೇ ಸರಿ ಎಂದು ಸಾಬೀತಾಯಿತು. ಆಸ್ಟ್ರಿಯಾದ ಭೌತವಿಜ್ಞಾನಿ ಲುಡ್ವಿಗ್ ಬೋಲ್ಟ್ಸ್‌ಮನ್ ಬಗ್ಗೆ ಈ ಕಥೆಯನ್ನು ನೀವೂ ಓದಿರಬಹುದು, ನಾಲ್ಕು ಜನಕ್ಕೆ ಕಳಿಸಿಯೂ ಇರಬಹುದು. ಇದರಲ್ಲಿ ಅಲ್ಲಲ್ಲಿ ನಿಜವಿದೆ. ಆದರೆ ಇಡೀ ಕಥೆ ದಾರಿ ತಪ್ಪಿಸುವಂಥದ್ದು.

ಬೋಲ್ಟ್ಸ್‌ಮನ್ ಹುಟ್ಟಿದ್ದು 1844ರ ಫೆಬ್ರವರಿ 20ರಂದು, ವಿಯೆನ್ನಾದಲ್ಲಿ. ಅದು ಕ್ರೈಸ್ತರ ಕಾರ್ನಿವಲ್ ಮೋಜು ಮುಗಿದು ಉಪವಾಸದ ಬೂದಿ ಬುಧವಾರ ಶುರುವಾಗುವ ರಾತ್ರಿ. ತನ್ನ ಮನಸ್ಸು ಒಮ್ಮೆ ಉಕ್ಕಿ ಒಮ್ಮೆ ಕುಸಿಯುವುದಕ್ಕೆ ಇದೇ ಕಾರಣವಿರಬೇಕು ಎಂದು ಅವರು ತಮಾಷೆ ಮಾಡುತ್ತಿದ್ದರಂತೆ. ಹದಿನೈದರಲ್ಲಿ ತಂದೆ ತೀರಿಕೊಂಡರು. ಇಪ್ಪತ್ತೈದಕ್ಕೇ ಗ್ರಾಜ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು.

ಬಿಸಿ ಕಾಫಿ ತಾನಾಗಿ ತಣ್ಣಗಾಗುತ್ತದೆ, ತಣ್ಣಗಿನ ಕಾಫಿ ಮಾತ್ರ ತಾನಾಗಿ ಬಿಸಿಯಾಗುವುದಿಲ್ಲ. ಯಾಕೆ? ಕಣ್ಣಿಗೆ ಕಾಣದ ಕೋಟ್ಯಂತರ ಕಣಗಳು ಎಷ್ಟು ಬಗೆಯಲ್ಲಿ ಜೋಡಣೆಯಾಗಬಹುದು ಎಂಬ ಲೆಕ್ಕದಲ್ಲಿ ಉತ್ತರವಿದೆ ಎಂದು 1877ರಲ್ಲಿ ಅವರು ತೋರಿಸಿದರು. ಅರ್ನ್ಸ್ಟ್ ಮಾಕ್, ವಿಲ್‌ಹೆಲ್ಮ್ ಓಸ್ಟ್‌ವಾಲ್ಡ್ ಮುಂತಾದ ದೊಡ್ಡವರು ಪರಮಾಣುವನ್ನು ಒಪ್ಪಲಿಲ್ಲ, ನಿಜ. ಈ ವಿರೋಧ ಬೋಲ್ಟ್ಸ್‌ಮನ್‌ಗೆ ನೋವು ತಂದದ್ದೂ ನಿಜ. ಆದರೆ ಅವರು ಮೂಲೆಗುಂಪಾಗಿದ್ದರು ಎನ್ನುವುದು ಸುಳ್ಳು. 1895ರಲ್ಲಿ ಲ್ಯೂಬೆಕ್‌ನಲ್ಲಿ ನಡೆದ ಬಹಿರಂಗ ಚರ್ಚೆಯಲ್ಲಿ ಯುವ ವಿಜ್ಞಾನಿಗಳ ಕಣ್ಣಿಗೆ ಗೆದ್ದವರು ಅವರೇ. 60ನೇ ಹುಟ್ಟುಹಬ್ಬಕ್ಕೆ ನೂರಕ್ಕೂ ಹೆಚ್ಚು ವಿಜ್ಞಾನಿಗಳು ಲೇಖನ ಬರೆದು ಅಭಿನಂದನಾ ಗ್ರಂಥ ಕೊಟ್ಟರು. ಅವರ ತತ್ವಶಾಸ್ತ್ರದ ಮೊದಲ ಉಪನ್ಯಾಸಕ್ಕೆ ಸಭಾಂಗಣ ಕಿಕ್ಕಿರಿದಿತ್ತು. ಇನ್ನು ಆ ಓಸ್ಟ್‌ವಾಲ್ಡ್! ವೈಯಕ್ತಿಕವಾಗಿ ಅವರು ಗೆಳೆಯರೇ. 1900ರಲ್ಲಿ ಬೋಲ್ಟ್ಸ್‌ಮನ್ ಲೈಪ್‌ಜಿಗ್‌ಗೆ ಹೋದದ್ದೇ ಓಸ್ಟ್‌ವಾಲ್ಡ್ ಇದ್ದ ವಿಶ್ವವಿದ್ಯಾಲಯಕ್ಕೆ.

ಹಾಗಾದರೆ ಏನಾಯಿತು? ಕಾಯಿಲೆ ಬಹಳ ಹಿಂದೆಯೇ ಶುರುವಾಗಿತ್ತು. 1885ರಲ್ಲಿ ತಾಯಿ ತೀರಿಕೊಂಡರು. 1888ರಲ್ಲಿ ಬರ್ಲಿನ್‌ನ ದೊಡ್ಡ ಹುದ್ದೆಯನ್ನು ಒಪ್ಪಿಕೊಂಡು, ಮನಸ್ಸು ಕದಡಿ, ಬೇಡವೆಂದು ಹಿಂದೆ ಸರಿದರು. ಮರುವರ್ಷ ಹನ್ನೊಂದು ವರ್ಷದ ಮಗ ಅಪೆಂಡಿಸೈಟಿಸ್‌ನಿಂದ ಸತ್ತ. ಅದು ಅಷ್ಟು ಗಂಭೀರವೆಂದು ತನಗೆ ಸಕಾಲದಲ್ಲಿ ತಿಳಿಯಲಿಲ್ಲವಲ್ಲ ಎಂದು ತಂದೆ ತನ್ನನ್ನೇ ದೂಷಿಸಿಕೊಂಡರು. ಮ್ಯೂನಿಕ್, ವಿಯೆನ್ನಾ, ಲೈಪ್‌ಜಿಗ್, ಮತ್ತೆ ವಿಯೆನ್ನಾ ಎಂದು ಊರು ಬದಲಿಸುತ್ತಲೇ ಇದ್ದರು. ಮನಸ್ಸಿನ ಭಾರ ಎಲ್ಲೂ ಇಳಿಯಲಿಲ್ಲ. ಜೊತೆಗೆ ಅಸ್ತಮಾ, ಎದೆನೋವು. ಕಣ್ಣು ಎಷ್ಟು ಮಂಜಾಯಿತೆಂದರೆ ಲೇಖನಗಳನ್ನು ಬೇರೊಬ್ಬರು ಓದಿ ಹೇಳಬೇಕಿತ್ತು. ಇದರ ನಡುವೆಯೂ 1905ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋಗಿಬಂದು, ಮದ್ಯ ಸಿಗದ ಬರ್ಕ್ಲಿಯಲ್ಲಿ ಕದ್ದುಮುಚ್ಚಿ ವೈನ್ ತರಿಸಿಕೊಂಡ ಪ್ರಸಂಗವನ್ನೆಲ್ಲ ಸೇರಿಸಿ ನಗೆ ಉಕ್ಕಿಸುವ ಪ್ರವಾಸಕಥನ ಬರೆದರು. ನಗುತ್ತಿರುವವರಿಗೆ ಒಳಗೆ ಏನೂ ಆಗಿಲ್ಲ ಎಂದು ನಾವು ಅಂದುಕೊಳ್ಳುತ್ತೇವಲ್ಲ, ಅಂಥವರು ಈ ಬರಹ ನೋಡಬೇಕು.

ಆಗಿನ ವೈದ್ಯರು ಇದನ್ನು ನ್ಯೂರಸ್ತೇನಿಯಾ, ಅಂದರೆ ನರಗಳ ಬಳಲಿಕೆ ಎಂದರು. ಇದು ಬೈಪೋಲಾರ್ ಎಂದು ಈಗ ಕೆಲವರು ಬರೆಯುತ್ತಾರೆ. ನೂರು ವರ್ಷದ ಹಿಂದಿನ ರೋಗಿಗೆ ಕುಳಿತಲ್ಲೇ ರೋಗದ ಹೆಸರಿಡುವುದು ನಮಗೆ ಸರಿ ಕಾಣುವುದಿಲ್ಲ. ಚಿಕಿತ್ಸೆಯ ಹೆಸರಲ್ಲಿ ಆಗ ಇದ್ದದ್ದು ವಿಶ್ರಾಂತಿ, ಹವೆ ಬದಲಾವಣೆ, ಅಷ್ಟೇ. ಲಿಥಿಯಂನಿಂದ ಮನಸ್ಸಿನ ಏರಿಳಿತ ಹತೋಟಿಗೆ ಬರುತ್ತದೆ ಎಂದು ಗೊತ್ತಾಗಿದ್ದು 1949ರಲ್ಲಿ. 1906ರ ಮೇ ತಿಂಗಳಲ್ಲಿ ಅವರಿಗೆ ಪಾಠ ಮಾಡುವುದೂ ಆಗದಾಯಿತು. ಹೆಂಡತಿ ಹೆನ್ರಿಯೆಟ್ ಮತ್ತು ಮಗಳು ಎಲ್ಸಾ ಜೊತೆ ಟ್ರಿಯೆಸ್ಟ್ ಬಳಿಯ ಡುಯಿನೊ ಎಂಬ ಕಡಲತೀರದ ಊರಿಗೆ ರಜೆಗೆ ಹೋಗಿದ್ದಾಗ, ಸೆಪ್ಟೆಂಬರ್ 5ರಂದು, ಆತ್ಮಹತ್ಯೆ ಮಾಡಿಕೊಂಡರು. ವಯಸ್ಸು 62.

ಎಲ್ಸಾಗೆ ಆಗ ಹದಿನೈದು. ಆ ದಿನದ ಬಗ್ಗೆ ಆಕೆ ಬದುಕಿಡೀ ಬಾಯಿಬಿಡಲಿಲ್ಲವಂತೆ. ಹೆನ್ರಿಯೆಟ್ ಮುಂದೆ ಮೂವತ್ತಕ್ಕೂ ಹೆಚ್ಚು ವರ್ಷ ಬದುಕಿದರು. ಮದುವೆಗೆ ಮುಂಚೆ ಗ್ರಾಜ್‌ನಲ್ಲಿ ಹೆಣ್ಣೆಂಬ ಕಾರಣಕ್ಕೆ ತರಗತಿಯ ಬಾಗಿಲು ಮುಚ್ಚಿದಾಗ, ಮೇಲ್ಮನವಿ ಸಲ್ಲಿಸು ಎಂದು ಬೆನ್ನಿಗೆ ನಿಂತವರು ಬೋಲ್ಟ್ಸ್‌ಮನ್ನೇ. ಅವರ ಪಾಠದಲ್ಲಿ ಮೈಮರೆಯುತ್ತಿದ್ದ ಲೀಸ್ ಮೈಟ್ನರ್ 1907ರಲ್ಲಿ ಬರ್ಲಿನ್‌ಗೆ ಹೋದರು, ಮುಂದೆ ಪರಮಾಣು ಬೀಜ ಒಡೆಯುವುದನ್ನು ವಿವರಿಸಿದರು. ಗುರುಗಳಿಗೆ ವಹಿಸಿದ್ದ ವಿಶ್ವಕೋಶದ ಲೇಖನವನ್ನು ಶಿಷ್ಯ ಪಾಲ್ ಎರೆನ್‌ಫೆಸ್ಟ್ ಮತ್ತು ಅವರ ಹೆಂಡತಿ ತತ್ಯಾನಾ ಬರೆದುಕೊಟ್ಟರು.

ಪರಮಾಣುವಿಗೆ ಗಟ್ಟಿ ಸಾಕ್ಷಿ ಕೊಟ್ಟ ಜಾನ್ ಪೆರಿನ್‌ರ ಪ್ರಯೋಗಗಳು 1908ರಲ್ಲಿ ಬಂದವು, ಮರುವರ್ಷ ಓಸ್ಟ್‌ವಾಲ್ಡ್ ಕೂಡ ಒಪ್ಪಿಕೊಂಡರು. ಇನ್ನೆರಡು ವರ್ಷ ಕಾದಿದ್ದರೆ ಬದುಕುತ್ತಿದ್ದರು ಎಂದು ಸಂದೇಶ ಹೇಳುವುದು ಇದನ್ನೇ ಹಿಡಿದು. ಆದರೆ ಕೀರ್ತಿ ಇದ್ದಾಗಲೂ ಅವರು ನರಳುತ್ತಿದ್ದರು. ಆತ್ಮಹತ್ಯೆಗೆ ಒಂದೇ ಕಾರಣ ಇರುವುದು ತೀರಾ ಅಪರೂಪ. ಕಾಯಿಲೆ, ನೋವು, ಅಗಲಿಕೆ, ಒಂಟಿತನ ಹೆಣೆದುಕೊಂಡಿರುತ್ತವೆ. ಒಂದೇ ಕಾರಣ ಹೇಳುವ ಸಂದೇಶ, ಅಂಥದ್ದೇ ಅವಮಾನದಲ್ಲಿ ಕುಳಿತಿರುವ ಓದುಗನಿಗೆ ಇನ್ನು ಬೇರೆ ದಾರಿಯಿಲ್ಲ ಎನ್ನಿಸಬಹುದು. ಅಂಥ ಸಾವು ಕಂಡ ಮನೆಯವರಿಗೂ ಅದು ಚುಚ್ಚುತ್ತದೆ, ಯಾಕೆಂದರೆ ಅವರು ಕಾರಣ ಹುಡುಕುತ್ತಾ ಕೊನೆಗೆ ತಮ್ಮನ್ನೇ ಹಿಡಿದುಕೊಳ್ಳುತ್ತಾರೆ. ಅವರ ಮನೆಗೆ ಹೋದಾಗ ಯಾಕೆ ಹೀಗಾಯಿತು ಎಂದು ಕೆದಕಬೇಡಿ. ಹೋದವರ ಹೆಸರು ಹಿಡಿದು ನೆನಪುಗಳನ್ನು ಮಾತಾಡಿ. ತಿಂಗಳಾದ ಮೇಲೂ ಒಮ್ಮೆ ಹೋಗಿಬನ್ನಿ.

ನಿಮಗೋ ನಿಮ್ಮವರಿಗೋ ಬದುಕು ಸಾಕೆನಿಸಿದರೆ, ಸಾವಿನ ದುಃಖ ತಡೆಯಲಾಗದಿದ್ದರೆ, ಟೆಲಿ-ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಈ ಲೇಖನ ಕಳಿಸುವಾಗ ಆ ಸಂಖ್ಯೆಯೂ ಜೊತೆಗಿರಲಿ.